ತಲೆಯೊಳಗಿನ ನೀರು: ಎಲ್ಲಿರುತ್ತದೆ, ಹೇಗೆ ಹರಿಯುತ್ತದೆ?

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನ ತಲೆಯ ಸ್ಕ್ಯಾನ್ ಮಾಡಿಸಲು ಬ್ರಹ್ಮಾವರದಿಂದ ಮಂಗಳೂರಿಗೆ ಕರೆದುಕೊಂಡು ಬಂದಿದ್ದೆವು. ಸಂಜೆ ರಿಪೋರ್ಟ್ ಕೈಗೆ ಬಂತು. ಕೊನೆಯ ಸಾಲಿನಲ್ಲಿ ‘ವೆಂಟ್ರಿಕಲ್ಸ್ ಡೈಲೇಟೆಡ್’ ಎಂದಿತ್ತು. ಡಾಕ್ಟರು ಸಿಗುವುದು ಇನ್ನೆರಡು ದಿನ ಬಿಟ್ಟು. ಅಷ್ಟರಲ್ಲಿ ಯಾರೋ ಊರಿಗೆ ಅದರ ಅರ್ಥ ಹೇಳಿಬಿಟ್ಟಿದ್ದರು. ರಾತ್ರಿ ದೊಡ್ಡಮ್ಮನ ಫೋನು: “ತಲೆಯಲ್ಲಿ ನೀರು ತುಂಬಿದೆಯಂತೆ ಮಾರಾಯ, ಇನ್ನೆಂತ ಮಾಡುವುದು?”

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಡಾಕ್ಟರಲ್ಲಿ ಕೇಳಿದೆ. ಅವರು ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಗೆರೆ ಎಳೆದು ತೋರಿಸಿದರು. ಮೊದಲು ತಿಳಿದ ವಿಷಯವೇ ಅರ್ಧ ಹೆದರಿಕೆ ಇಳಿಸಿತು. ತಲೆಯಲ್ಲಿ ನೀರು ಎಲ್ಲರಿಗೂ ಇದೆ. ಇರಲೇಬೇಕು. ಆ ನೀರು ಸರಿಯಾಗಿ ಹರಿಯುತ್ತಿದೆಯಾ ಎಂದು ಡಾಕ್ಟರು ನೋಡುತ್ತಾರೆ, ಅಷ್ಟೇ. ಇಂಥ ರಿಪೋರ್ಟ್ ಹಿಡಿದು ಕಂಗಾಲಾಗಿ ಕೂತವರಿಗಾಗಿ ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

ಮೆದುಳು ಒಳಗೆ ಟೊಳ್ಳು

ಮಣಿಪಾಲದ ಅಂಗರಚನಾ ಸಂಗ್ರಹಾಲಯಕ್ಕೆ ಹೋದವರು ಗಾಜಿನ ಜಾಡಿಯಲ್ಲಿ ಮೆದುಳು ನೋಡಿರುತ್ತೀರಿ. ಹೊರಗಿನಿಂದ ಅದು ಸುಕ್ಕುಸುಕ್ಕಾದ ಗಟ್ಟಿ ಉಂಡೆಯ ಹಾಗೆ ಕಾಣುತ್ತದೆ. ಕತ್ತರಿಸಿದರೆ ಒಳಗೆ ಖಾಲಿ ಜಾಗಗಳಿವೆ. ಬದುಕಿರುವಾಗ ಆ ಜಾಗಗಳಲ್ಲಿ ತಿಳಿನೀರಿನಂಥ ದ್ರವ ತುಂಬಿರುತ್ತದೆ. ಈ ಖಾಲಿ ಜಾಗಗಳಿಗೆ ವೆಂಟ್ರಿಕಲ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಸಣ್ಣ ಹೊಟ್ಟೆ. ಕನ್ನಡದ ಪಠ್ಯಗಳಲ್ಲಿ ಕುಹರ ಎನ್ನುತ್ತಾರೆ. ನಾನು ಇಲ್ಲಿ ಸುಮ್ನೆ ‘ಕೋಣೆ’ ಎನ್ನುತ್ತೇನೆ. ರಿಪೋರ್ಟ್‌ನಲ್ಲಿದ್ದ ‘ಡೈಲೇಟೆಡ್’ ಎಂದರೆ ಹಿಗ್ಗಿದೆ ಎಂದರ್ಥ. ಒಳಗಿನ ದ್ರವದ ಪೂರ್ತಿ ಹೆಸರು ಸೆರೆಬ್ರೊಸ್ಪೈನಲ್ ಫ್ಲೂಯಿಡ್. ಆಸ್ಪತ್ರೆಯಲ್ಲಿ ಎಲ್ಲರೂ ಸಿಎಸ್‌ಎಫ್ ಎನ್ನುತ್ತಾರೆ. ನಮ್ಮ ಜನ ನೀರು ಎನ್ನುತ್ತಾರೆ. ಅದೂ ತಪ್ಪಲ್ಲ, ಅದರಲ್ಲಿ ಬಹುಪಾಲು ನೀರೇ. ಜೊತೆಗೆ ಸ್ವಲ್ಪ ಉಪ್ಪಿನ ಅಂಶ, ಸ್ವಲ್ಪ ಸಕ್ಕರೆ, ತೀರಾ ಕಡಿಮೆ ಪ್ರೋಟೀನ್.

ಟೊಳ್ಳು ಯಾಕೆ ಉಳಿಯಿತು ಎಂಬುದಕ್ಕೆ ಉತ್ತರ ತಾಯಿಯ ಗರ್ಭದಲ್ಲಿದೆ. ನಾಗರಪಂಚಮಿ, ಅಷ್ಟಮಿ ಹೊತ್ತಿಗೆ ನಮ್ಮಲ್ಲಿ ಮೂಡೆ ಕಟ್ಟುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಚಪ್ಪಟೆಯಾದ ಮುಂಡುಕದ ಎಲೆಯನ್ನು ಸುತ್ತಿ ಸುತ್ತಿ ಕೊಳವೆ ಮಾಡುತ್ತಾರೆ. ಮೆದುಳು ಶುರುವಾಗುವುದೂ ಹೀಗೆಯೇ. ಗರ್ಭದ ಮೂರನೇ ವಾರದಲ್ಲಿ ಅದು ಒಂದು ಚಪ್ಪಟೆ ಹಾಳೆ. ಅದರ ಎರಡು ಅಂಚು ಮೇಲೆದ್ದು, ಬಾಗಿ, ಒಂದಕ್ಕೊಂದು ಕೂಡಿಕೊಂಡು ನಾಲ್ಕನೇ ವಾರ ಮುಗಿಯುವಷ್ಟರಲ್ಲಿ ಕೊಳವೆಯಾಗುತ್ತದೆ. ಕೊಳವೆಯ ಗೋಡೆ ದಪ್ಪವಾಗುತ್ತಾ ಹೋಗಿ ಮೆದುಳು ಮತ್ತು ಬೆನ್ನುಹುರಿ ಆಗುತ್ತದೆ. ಒಳಗಿನ ಟೊಳ್ಳು ಹಾಗೇ ಉಳಿಯುತ್ತದೆ. ಅದೇ ಈ ಕೋಣೆಗಳು.

ಕೊಳವೆ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಮಗುವಿನ ಬೆನ್ನಿನಲ್ಲಿ ಸ್ಪೈನಾ ಬೈಫಿಡಾ ಎಂಬ ತೊಂದರೆ ಬರುತ್ತದೆ. ಅಂಥ ಮಕ್ಕಳಲ್ಲಿ ತಲೆಯ ನೀರು ಕಟ್ಟಿಕೊಳ್ಳುವುದೂ ಸಾಮಾನ್ಯ. ಮಗು ಬೇಕು ಎಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳುವುದು ಇದಕ್ಕೆ. ಗರ್ಭ ನಿಂತಿದೆ ಎಂದು ಗೊತ್ತಾಗುವ ಹೊತ್ತಿಗೆ ಕೊಳವೆ ಮುಚ್ಚುವ ಕೆಲಸ ಎಷ್ಟೋ ಸಲ ಮುಗಿದೇ ಹೋಗಿರುತ್ತದೆ.

ನಾಲ್ಕು ಕೋಣೆಗಳು

ಒಟ್ಟು ನಾಲ್ಕು ಕೋಣೆ. ಎಲ್ಲಕ್ಕಿಂತ ದೊಡ್ಡವು ಎಡಕ್ಕೊಂದು, ಬಲಕ್ಕೊಂದು ಇರುವ ಪಕ್ಕದ ಕೋಣೆಗಳು. ದೊಡ್ಡ ಮೆದುಳಿನ ಎರಡು ಅರ್ಧಗಳ ಒಳಗೆ ಒಂದೊಂದು. ಇವುಗಳ ಆಕಾರ ನೋಡಿದರೆ ನನಗೆ ಕಂಬಳದ ಕೋಣದ ಕೊಂಬು ನೆನಪಾಗುತ್ತದೆ. ಹಣೆಯ ಹಿಂದೆ ಶುರುವಾಗಿ, ಹಿಂದಕ್ಕೆ ಸಾಗಿ, ಕೆಳಗೆ ಬಾಗಿ, ಮತ್ತೆ ಮುಂದಕ್ಕೆ ಕಿವಿಯ ನೇರಕ್ಕೆ ಬರುತ್ತವೆ. ಅಂಗರಚನೆಯ ಪುಸ್ತಕದಲ್ಲೂ ಇವುಗಳ ಭಾಗಗಳಿಗೆ ಕೊಂಬು ಎಂದೇ ಹೆಸರು: ಮುಂಗೊಂಬು, ಹಿಂಗೊಂಬು, ಕೆಳಗೊಂಬು. ಈ ಬಾಗು ಬಂದದ್ದು ಮೆದುಳು ಬೆಳೆಯುವ ರೀತಿಯಿಂದ. ತಲೆಬುರುಡೆಯೊಳಗೆ ಜಾಗ ಸಾಲದೆ ಮೆದುಳು ಹಿಂದಕ್ಕೂ ಕೆಳಕ್ಕೂ ಸುರುಳಿಯಾಗಿ ಬೆಳೆಯುತ್ತದೆ. ಒಳಗಿನ ಟೊಳ್ಳೂ ಅದರ ಜೊತೆಗೇ ಬಾಗುತ್ತದೆ.

ಕೆಳಗೊಂಬಿನ ತಳದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗ ಇದೆ. ಹೊಸ ನೆನಪು ಗಟ್ಟಿಯಾಗಲು ಅದು ಬೇಕು. ಅಲ್ಝೈಮರ್ ಕಾಯಿಲೆಯಲ್ಲಿ ಅದು ಸೊರಗುತ್ತದೆ, ಆಗ ಪಕ್ಕದ ಕೆಳಗೊಂಬು ಅಗಲವಾಗಿ ಕಾಣುತ್ತದೆ. ಕೋಣೆಯ ಅಳತೆಯಿಂದ ಗೋಡೆಯ ಕಥೆ ತಿಳಿಯುವುದು ಹೀಗೆ.

ಎಡ ಬಲದ ಈ ಎರಡನ್ನು ಒಂದು, ಎರಡು ಎಂದು ಲೆಕ್ಕ ಹಿಡಿದರೆ ಮುಂದಿನದು ಮೂರನೇ ಕೋಣೆ. ಅದು ತಲೆಯ ನಟ್ಟನಡುವೆ ನಿಂತ ಸೀಳು. ಎರಡು ಮನೆಗಳ ನಡುವಿನ ಇಕ್ಕಟ್ಟಾದ ಓಣಿ ಇದ್ದ ಹಾಗೆ. ಎರಡೂ ಬದಿಯ ಗೋಡೆ ಥಲಾಮಸ್ ಎಂಬ ಮೆದುಳಿನ ಭಾಗ. ತಳದಲ್ಲಿ ಹೈಪೊಥಲಾಮಸ್. ಹಸಿವು, ಬಾಯಾರಿಕೆ, ಮೈಯ ಬಿಸಿ ಎಲ್ಲ ನೋಡಿಕೊಳ್ಳುವ ಜಾಗ ಅದು. ಅದರ ಕೆಳಗೆ ಪಿಟ್ಯುಟರಿ ಗ್ರಂಥಿ ಜೋತುಬಿದ್ದಿದೆ. ಪಕ್ಕದ ಎರಡು ಕೋಣೆಗಳಿಂದ ಇಲ್ಲಿಗೆ ಒಂದೊಂದು ಸಣ್ಣ ಕಿಂಡಿ ತೆರೆಯುತ್ತದೆ. ಅವುಗಳನ್ನು ವಿವರಿಸಿದ ಅಲೆಕ್ಸಾಂಡರ್ ಮನ್ರೊ ಹೆಸರಿನಲ್ಲಿ ಮನ್ರೊ ಕಿಂಡಿ ಎನ್ನುತ್ತಾರೆ.

ಮೂರನೆಯದರಿಂದ ನಾಲ್ಕನೆಯದಕ್ಕೆ ಹೋಗುವ ದಾರಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಿರಿದು. ಉದ್ದ ಸುಮಾರು 1.5 ಸೆಂಟಿಮೀಟರ್. ಅಗಲ 1ರಿಂದ 2 ಮಿಲಿಮೀಟರ್, ಒಂದು ಸಾಸಿವೆ ಕಾಳಿನಷ್ಟು. ಇದನ್ನು ಅಕ್ವೆಡಕ್ಟ್ ಎಂದರೆ ನೀರಿನ ಕಾಲುವೆ ಎಂದು ಕರೆದಿದ್ದಾರೆ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಇದೆ. ಅದು ಸುರಂಗ. ಗುಡ್ಡ ಕೊರೆದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ ಮಾಡಿ, ಒಳಗಿನ ನೀರನ್ನು ತೋಟಕ್ಕೆ ಹರಿಸುವ ಸುರಂಗ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಅಂಥ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದಲ್ಲಿ ಒಂದು ಕಡೆ ಮಣ್ಣು ಕುಸಿದರೆ ಸಾಕು, ಈಚೆ ನೀರಿಲ್ಲ. ಮೆದುಳಿನ ಸುರಂಗದ ಪಾಡೂ ಅದೇ. ಅಷ್ಟು ಸಣ್ಣ ದಾರಿಯಾದ್ದರಿಂದ ಹುಟ್ಟಿನಿಂದಲೇ ಕಿರಿದಾಗಿದ್ದರೆ ಅಥವಾ ಹತ್ತಿರದ ಗಡ್ಡೆ ಒತ್ತಿದರೆ ಬೇಗ ಮುಚ್ಚಿಹೋಗುತ್ತದೆ.

ಸುರಂಗ ಇಳಿದರೆ ನಾಲ್ಕನೇ ಕೋಣೆ. ತಲೆಯ ಹಿಂಬದಿಯಲ್ಲಿ, ಮೆದುಳ ಕಾಂಡ ಮತ್ತು ಕಿರುಮೆದುಳಿನ ನಡುವೆ ಇದೆ. ನೆಲ ವಜ್ರದ ಆಕಾರ, ಮೇಲೆ ಟೆಂಟಿನಂಥ ಮಾಡು. ನೆಲದ ಕೆಳತುದಿಯಲ್ಲಿ ವಾಂತಿ ಬರಿಸುವ ಒಂದು ಪುಟ್ಟ ಜಾಗ ಇದೆ. ರಕ್ತದಲ್ಲಿ ವಿಷದ ಅಂಶ ಬಂದರೆ ಅದಕ್ಕೆ ಗೊತ್ತಾಗುತ್ತದೆ. ಮಕ್ಕಳ ತಲೆಯ ಗಡ್ಡೆಗಳಲ್ಲಿ ಎಷ್ಟೋ ಈ ಕೋಣೆಯ ಆಸುಪಾಸಿನಲ್ಲೇ ಬೆಳೆಯುತ್ತವೆ. ಒಂದು ಮಗು ವಾರಗಟ್ಟಲೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು ಎನ್ನುತ್ತಾ ವಾಂತಿ ಮಾಡುತ್ತಿದ್ದರೆ ‘ಪಿತ್ತ’ ಎಂದು ಕಷಾಯ ಕೊಟ್ಟು ಕೂರಬಾರದು.

ಲಿಯೊನಾರ್ಡೊ ಮೇಣ ಎರೆದದ್ದು

ಹಿಂದಿನ ಯುರೋಪಿನಲ್ಲಿ ಈ ಕೋಣೆಗಳಲ್ಲೇ ಮನಸ್ಸು ಇದೆ ಎಂದು ನಂಬಿದ್ದರು. ಮುಂದಿನ ಕೋಣೆಯಲ್ಲಿ ಕಲ್ಪನೆ, ನಡುವಿನದರಲ್ಲಿ ವಿವೇಕ, ಹಿಂದಿನದರಲ್ಲಿ ನೆನಪು ಎಂದು ಶತಮಾನಗಟ್ಟಲೆ ಕಲಿಸಿದರು. ನಿಜವಾದ ಆಕಾರ ಕಾಣಲು ಹೊರಟವರು ಲಿಯೊನಾರ್ಡೊ ಡಾ ವಿಂಚಿ. 16ನೇ ಶತಮಾನದ ಆರಂಭದಲ್ಲಿ ಅವರು ಎತ್ತಿನ ಮೆದುಳು ತೆಗೆದುಕೊಂಡು ಕೆಳಗಿನಿಂದ ಕರಗಿದ ಮೇಣ ಒತ್ತಿದರು. ಒಳಗಿದ್ದದ್ದು ಹೊರಹೋಗಲು ಮುಂದಿನ ಕೋಣೆಗಳಲ್ಲಿ ಎರಡು ತೂತು ಮಾಡಿದರು. ಮೇಣ ಗಟ್ಟಿಯಾದ ಮೇಲೆ ಸುತ್ತಲಿನ ಮೆದುಳನ್ನು ಬಿಡಿಸಿ ತೆಗೆದರು. ಟೊಳ್ಳಿನ ಅಚ್ಚು ಕೈಗೆ ಬಂತು. ಖಾಲಿ ಜಾಗವನ್ನೂ ಕೈಯಲ್ಲಿ ಹಿಡಿದು ನೋಡಬಹುದು ಎಂದು ಹೊಳೆದ ಆ ಬುದ್ಧಿಗೆ ನಾನು ಈಗಲೂ ಬೆರಗಾಗುತ್ತೇನೆ.

ಒರತೆಯಿಂದ ಕಡಲಿಗೆ

ಈ ನೀರು ಹುಟ್ಟುವುದು ಕೋಣೆಗಳ ಒಳಗೇ. ಒಳಗೋಡೆಯಲ್ಲಿ ರಕ್ತನಾಳಗಳ ಕೆಂಪು ಗೊಂಚಲುಗಳಿವೆ. ಹೆಸರು ಕೊರಾಯ್ಡ್ ಪ್ಲೆಕ್ಸಸ್. ಆಟಿ ತಿಂಗಳಲ್ಲಿ ಕೆಂಪುಕಲ್ಲಿನ ಬಾವಿಯ ಗೋಡೆಯಿಂದ ನೀರು ಒಸರುವುದನ್ನು ನೋಡಿದ್ದೀರಲ್ಲ, ಹಾಗೆ ಇಲ್ಲಿ ಒರತೆ. ಆದರೆ ಇಲ್ಲಿನ ಒರತೆಗೆ ಮಳೆ ಬೇಸಿಗೆ ಇಲ್ಲ. ಗೊಂಚಲಿನ ಜೀವಕೋಶಗಳು ರಕ್ತದಿಂದ ಬೇಕಾದ್ದನ್ನಷ್ಟೇ ಆರಿಸಿ ಈಚೆ ಬಿಡುತ್ತವೆ. ಗಂಟೆಗೆ ಸುಮಾರು 20 ಮಿಲಿಲೀಟರ್. ದಿನಕ್ಕೆ ಅರ್ಧ ಲೀಟರ್, ಅಂದರೆ ಒಂದು ಹಾಲಿನ ಪ್ಯಾಕೆಟ್‌ನಷ್ಟು.

ಇಷ್ಟು ತಯಾರಾದರೂ ಒಮ್ಮೆಗೆ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಅದರಲ್ಲೂ ನಾಲ್ಕು ಕೋಣೆಗಳಲ್ಲಿ ಇರುವುದು 25 ಮಿಲಿಲೀಟರ್ ಆಸುಪಾಸು, ಐದು ಟೀ ಚಮಚ. ಉಳಿದದ್ದು ಮೆದುಳು ಮತ್ತು ಬೆನ್ನುಹುರಿಯ ಹೊರಗೆ ಸುತ್ತಿಕೊಂಡಿರುತ್ತದೆ. ಹಾಗಾದರೆ ಲೆಕ್ಕ ಹಾಕಿ: ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಹಳೆಯ ನೀರು ಹೋಗಿ ಹೊಸ ನೀರು ತುಂಬುತ್ತದೆ. ಹುಟ್ಟಿದಷ್ಟೇ ನೀರು ಇಂಗಲೂ ಬೇಕು. ಇಡೀ ವಿಷಯದ ಗುಟ್ಟು ಈ ಒಂದು ಲೆಕ್ಕದಲ್ಲಿದೆ.

ದಾರಿ ಹೀಗೆ. ಪಕ್ಕದ ಕೋಣೆಗಳಿಂದ ಕಿಂಡಿ ದಾಟಿ ಮೂರನೆಯದಕ್ಕೆ, ಸುರಂಗದಿಂದ ನಾಲ್ಕನೆಯದಕ್ಕೆ, ಅಲ್ಲಿಂದ ಮೂರು ಬಾಗಿಲ ಮೂಲಕ ಹೊರಗೆ. ನಡುವೆ ಒಂದು ಬಾಗಿಲು, ಎರಡು ಬದಿಗೆ ಒಂದೊಂದು. ಮೆದುಳಿನ ಸುತ್ತ ಪೊರೆಗಳಿವೆ. ನಡುವಿನ ಪೊರೆ ಜೇಡರ ಬಲೆಯಷ್ಟು ನವಿರು. ಅದರ ಕೆಳಗಿನ ಸಂದಿಗೆ ನೀರು ಬಂದು ಸೇರುತ್ತದೆ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಅಳಿವೆ ಬಾಗಿಲು ದಾಟಿ ಕಡಲು ಸೇರಿದ ಹಾಗೆ. ಅಲ್ಲಿಂದ ನೆತ್ತಿಯ ನೇರಕ್ಕಿರುವ ದೊಡ್ಡ ರಕ್ತನಾಳಕ್ಕೆ, ಸಣ್ಣ ಸಣ್ಣ ಮೊಗ್ಗುಗಳಂಥ ರಚನೆಗಳ ಮೂಲಕ, ಇಂಗಿ ಹೋಗುತ್ತದೆ. ರಕ್ತದಿಂದ ಬಂದದ್ದು ರಕ್ತಕ್ಕೇ ಮರಳುತ್ತದೆ.

ಹೊಳೆಯ ಹಾಗೆ ಒಂದೇ ದಿಕ್ಕಿಗೆ ಓಡುತ್ತದೆ ಎಂದು ಮಾತ್ರ ತಿಳಿಯಬೇಡಿ. ಎದೆ ಬಡಿದಂತೆಲ್ಲ, ಉಸಿರು ಎಳೆದಂತೆಲ್ಲ ಈ ನೀರು ಹಿಂದೆ ಮುಂದೆ ತೂಗುತ್ತದೆ. ಅಳಿವೆಯಲ್ಲಿ ಉಬ್ಬರ ಇಳಿತ ಇದ್ದ ಹಾಗೆ, ತೂಗುತ್ತಾ ತೂಗುತ್ತಾ ಒಟ್ಟಿನಲ್ಲಿ ಮುಂದೆ ಸಾಗುತ್ತದೆ. ಇಂಗುವ ದಾರಿಗಳ ಬಗ್ಗೆಯೂ ಹೊಸ ಸಂಗತಿಗಳು ಬರುತ್ತಿವೆ. 2012ರಲ್ಲಿ, ಮತ್ತೆ 2015ರಲ್ಲಿ ಇಲಿಗಳಲ್ಲಿ ನಡೆದ ಅಧ್ಯಯನಗಳು ಮೆದುಳಿನ ಒಳಗಿನಿಂದ ಕೊಳೆ ತೊಳೆದು ಸಾಗಿಸುವ ಬೇರೆ ದಾರಿಗಳನ್ನೂ ತೋರಿಸಿದವು. ಅವು ಎಷ್ಟು ಕೆಲಸ ಮಾಡುತ್ತವೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆಯುತ್ತಿದೆ.

ನೀರು ಯಾಕೆ ಬೇಕು?

ಬಾವಿಯಿಂದ ಕೊಡಪಾನ ಎಳೆದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಕೊಡಪಾನ ನೀರೊಳಗೆ ಇರುವ ತನಕ ಹಗುರ. ನೀರು ಬಿಟ್ಟು ಮೇಲೆದ್ದ ಕೂಡಲೇ ಹಗ್ಗ ಕೈಯನ್ನು ಜಗ್ಗುತ್ತದೆ. ದೊಡ್ಡವರ ಮೆದುಳು ಸುಮಾರು 1,400 ಗ್ರಾಂ ಇರುತ್ತದೆ. ಸುತ್ತಲಿನ ನೀರಿನಲ್ಲಿ ತೇಲುವುದರಿಂದ ಅದರ ಭಾರ ಸುಮಾರು 50 ಗ್ರಾಂನಷ್ಟೇ ಅನ್ನಿಸುತ್ತದೆ. ಮೆದುಳು ಬೆಣ್ಣೆಯಷ್ಟು ಮೆದು. ತೇಲದಿದ್ದರೆ ತನ್ನ ಭಾರಕ್ಕೆ ತಾನೇ ಅಡಿಯ ನಾಳಗಳನ್ನು, ನರಗಳನ್ನು ಜಜ್ಜಿಬಿಡುತ್ತಿತ್ತು. ಹೊರಗಿನ ಏಟು, ಅಲುಗಾಟವನ್ನೂ ಈ ನೀರು ತಡೆದುಕೊಳ್ಳುತ್ತದೆ.

ಹರಿವು ನಿಂತಾಗ

ಮಳೆಗಾಲದ ಶುರುವಿಗೆ ಸಣ್ಣ ಹೊಳೆಗಳ ಅಳಿವೆಯಲ್ಲಿ ಮರಳಿನ ದಿಬ್ಬ ನಿಂತಿದ್ದರೆ ಏನಾಗುತ್ತದೆ? ಮೇಲಿನಿಂದ ಬರುವ ನೀರು ನಿಲ್ಲುವುದಿಲ್ಲ. ಹೋಗಲು ದಾರಿ ಇಲ್ಲ. ಹಿಂದಕ್ಕೆ ಒತ್ತಿ ಗದ್ದೆ ಮುಳುಗುತ್ತದೆ. ತಲೆಯಲ್ಲೂ ಒರತೆ ನಿಲ್ಲುವುದಿಲ್ಲ. ದಾರಿ ಕಟ್ಟಿದರೆ ಕೋಣೆಗಳು ಉಬ್ಬುತ್ತವೆ. ಇದಕ್ಕೆ ಹೈಡ್ರೊಸೆಫಲಸ್ ಎಂದು ಹೆಸರು.

ಎಲ್ಲಿ ಕಟ್ಟಿದೆ ಎಂದು ಸ್ಕ್ಯಾನ್ ನೋಡಿ ಹೇಳುವುದು ಹೇಗೆ? ತೋಡಿನಲ್ಲಿ ಎಲ್ಲಿಯವರೆಗೆ ನೀರು ಏರಿದೆ ಎಂದು ನೋಡಿದ ಹಾಗೆ. ಮೊದಲ ಮೂರು ಕೋಣೆ ಉಬ್ಬಿ ನಾಲ್ಕನೆಯದು ಮಾಮೂಲಿ ಇದ್ದರೆ ಸುರಂಗ ಕಟ್ಟಿದೆ ಎಂದು ಲೆಕ್ಕ. ನಾಲ್ಕೂ ಉಬ್ಬಿದ್ದರೆ ಬಹುಶಃ ಒಳಗಿನ ದಾರಿ ಸರಿಯಿದೆ, ಹೊರಗೆ ಇಂಗುವುದಕ್ಕೆ ತೊಂದರೆಯಾಗಿದೆ. ಮೆದುಳು ಪೊರೆಯ ಟಿಬಿ, ಬೇರೆ ಸೋಂಕು, ಪೊರೆಯ ಕೆಳಗೆ ಆದ ರಕ್ತಸ್ರಾವ, ಇವುಗಳಿಂದ ಹಾಗಾಗಬಹುದು.

ಕೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಹಾಗಾಗಿ ಒತ್ತಡಕ್ಕೆ ತಲೆಯೇ ದೊಡ್ಡದಾಗುತ್ತದೆ. ಅಜ್ಜಿಯಂದಿರು ಎಣ್ಣೆ ಇಡುವ ಆ ಮೆತ್ತನೆಯ ನೆತ್ತಿ, ಮಗು ಅಳದೆ ಕೂತಿರುವಾಗಲೂ ಉಬ್ಬಿ ಬಿಗಿಯಾಗಿದ್ದರೆ ತಡ ಮಾಡದೆ ತೋರಿಸಬೇಕು. ಮಕ್ಕಳ ಡಾಕ್ಟರು ಟೇಪು ಹಿಡಿದು ತಲೆಯ ಸುತ್ತಳತೆ ಬರೆದಿಡುವುದು ಇದನ್ನು ಬೇಗ ಹಿಡಿಯಲು. ದೊಡ್ಡವರ ಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಮೆದುಳಿನ ಮೇಲೇ ಬೀಳುತ್ತದೆ. ತಲೆನೋವು, ವಾಂತಿ, ಕಣ್ಣು ಮಂಜು, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ ಅದು ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ದೊಡ್ಡಪ್ಪನ ವಿಷಯ ಬೇರೆ ಇತ್ತು

ಕೋಣೆ ದೊಡ್ಡದಾಗಿ ಕಂಡ ಮಾತ್ರಕ್ಕೆ ದಾರಿ ಕಟ್ಟಿದೆ ಎಂದಲ್ಲ. ವಯಸ್ಸಾದಂತೆ ಮೆದುಳು ಸ್ವಲ್ಪ ಸ್ವಲ್ಪ ಸೊರಗುತ್ತದೆ. ಖಾಲಿಯಾದ ಜಾಗಕ್ಕೆ ನೀರು ಬರುತ್ತದೆ. ಒತ್ತಡ ಏನೂ ಇರುವುದಿಲ್ಲ. ಎಪ್ಪತ್ತು ದಾಟಿದವರ ರಿಪೋರ್ಟ್‌ನಲ್ಲಿ ‘ಡೈಲೇಟೆಡ್’ ಎಂದಿದ್ದರೆ ಎಷ್ಟೋ ಸಲ ಇಷ್ಟೇ ಅರ್ಥ.

ದೊಡ್ಡಪ್ಪನಿಗೆ ಮಾತ್ರ ಬೇರೆ ಮೂರು ತೊಂದರೆ ಇತ್ತು. ಒಂದು ವರ್ಷದಿಂದ ಪಾದ ನೆಲಕ್ಕೆ ಅಂಟಿದ ಹಾಗೆ ಎಳೆದೆಳೆದು ನಡೆಯುತ್ತಿದ್ದರು. ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮಾತಿನ ನಡುವೆ ಮರೆವು. ನಾವೆಲ್ಲ ವಯಸ್ಸಾಯ್ತು ಎಂದು ಸುಮ್ಮನಿದ್ದೆವು. ಅದಕ್ಕೆ ನನಗೆ ಈಗಲೂ ಬೇಸರ ಇದೆ. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಬಿಳಿ, ಮೆದುಳು ಬೂದು, ನೀರು ಕಪ್ಪು. ನಡುವೆ ರೆಕ್ಕೆ ಬಿಚ್ಚಿದ ಕಪ್ಪು ಚಿಟ್ಟೆಯ ಹಾಗೆ ಪಕ್ಕದ ಕೋಣೆಗಳು ಕಾಣುತ್ತಿದ್ದವು. “ಈ ರೆಕ್ಕೆ ದಪ್ಪ ಆಗಿದೆ ನೋಡಿ. ಆದರೆ ಅಂಚಿನ ಸುಕ್ಕುಗಳು ಅಷ್ಟು ಅಗಲ ಆಗಿಲ್ಲ. ಬರೀ ವಯಸ್ಸಿನದ್ದಾಗಿದ್ದರೆ ಎರಡೂ ಆಗಬೇಕಿತ್ತು” ಎಂದರು.

ಇದು ನಾರ್ಮಲ್ ಪ್ರೆಶರ್ ಹೈಡ್ರೊಸೆಫಲಸ್. ಕೋಣೆ ಹಿಗ್ಗಿರುತ್ತದೆ, ಒತ್ತಡ ಅಳೆದರೆ ಹೆಚ್ಚುಕಡಿಮೆ ಮಾಮೂಲಿ ಇರುತ್ತದೆ. 1965ರಲ್ಲಿ ಕೊಲಂಬಿಯಾದ ಡಾಕ್ಟರ್ ಸಾಲೊಮೊನ್ ಹಕೀಮ್ ಮತ್ತು ಜೊತೆಗಾರರು ಇದನ್ನು ಲೋಕಕ್ಕೆ ತಿಳಿಸಿದರು. ನಡಿಗೆ, ಮೂತ್ರ, ಮರೆವು, ಈ ಮೂರು ಒಟ್ಟಿಗೆ ಬಂದರೆ ಇದನ್ನು ನೆನಪಿಸಿಕೊಳ್ಳಬೇಕು. ಮರೆವಿನ ಕಾಯಿಲೆಗಳಲ್ಲಿ ಸುಧಾರಿಸಬಹುದಾದ ಕೆಲವೇ ಕೆಲವು ಬಗೆಗಳಲ್ಲಿ ಇದೂ ಒಂದು.

ಬೆನ್ನಿನಿಂದ ನೀರು ತೆಗೆಯುವುದು

ಖಚಿತ ಮಾಡಿಕೊಳ್ಳಲು ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದಾಗ ಮನೆಯಲ್ಲಿ ದೊಡ್ಡ ಗಲಾಟೆ. “ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ” ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಹಾಗಾಗುವುದಿಲ್ಲ ಏಕೆ ಎಂದು ಹೇಳುತ್ತೇನೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರ ಮುಗಿಯುತ್ತದೆ. ನೀರಿನ ಚೀಲ ಅದಕ್ಕಿಂತ ಕೆಳಗಿನವರೆಗೂ ಇದೆ. ಸೂಜಿ ಹಾಕುವುದು ಮೂರು ಮತ್ತು ನಾಲ್ಕನೇ ಮೂಳೆಯ ನಡುವೆ, ಇಲ್ಲವೇ ಇನ್ನೂ ಕೆಳಗೆ. ಅಲ್ಲಿ ಹುರಿ ಇಲ್ಲ. ಬಿಡಿ ನರಗಳು ನೀರಿನಲ್ಲಿ ಜೋತಾಡುತ್ತಿರುತ್ತವೆ, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ಸಿಸೇರಿಯನ್ ಹೊತ್ತಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಕೂಡ ಇದೇ ನೀರಿಗೆ ಹೋಗುವುದು. ಕೆಲವರಿಗೆ ಆಮೇಲೆ ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ. ನೀರು ಸ್ವಲ್ಪ ಸೋರಿ ಮೆದುಳು ತೇಲುವುದು ಕಡಿಮೆಯಾದ್ದರಿಂದ ಹಾಗಾಗುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ತಲೆಯಲ್ಲಿ ಗಡ್ಡೆ ಅಥವಾ ದಾರಿ ಕಟ್ಟಿದ ಅನುಮಾನ ಇದ್ದರೆ ಮಾತ್ರ ಸ್ಕ್ಯಾನ್ ನೋಡದೆ ಸೂಜಿ ಹಾಕುವುದಿಲ್ಲ. ಅಂಥವರಿಗೆ ಅದು ಅಪಾಯ.

ಸೂಜಿ ಹಾಕುವ ಮೊದಲು ದೊಡ್ಡಪ್ಪನನ್ನು ವರಾಂಡದಲ್ಲಿ ನಡೆಸಿ ಮೊಬೈಲಿನಲ್ಲಿ ಸಮಯ ನೋಡಿದರು. ತುದಿಯಲ್ಲಿ ತಿರುಗಲು ಅವರಿಗೆ ಒಂಬತ್ತು ಸಣ್ಣ ಹೆಜ್ಜೆ ಬೇಕಾಯಿತು. ನಾನೇ ಎಣಿಸಿದೆ. ಆಮೇಲೆ 40 ಮಿಲಿಲೀಟರ್ ನೀರು ತೆಗೆದರು. ಅದು ಬಾವಿ ನೀರಿನಷ್ಟು ತಿಳಿ ಇತ್ತು. ಸಂಜೆ ಅದೇ ವರಾಂಡದಲ್ಲಿ ಮತ್ತೆ ನಡೆಸಿದಾಗ ನಾಲ್ಕು ಹೆಜ್ಜೆಯಲ್ಲಿ ತಿರುಗಿದರು.

ನೀರಿಗೆ ಇನ್ನೊಂದು ದಾರಿ

ನಡಿಗೆ ಹೀಗೆ ಸುಧಾರಿಸಿದರೆ ಶಂಟ್ ಹಾಕುತ್ತಾರೆ. ಪಕ್ಕದ ಕೋಣೆಯಿಂದ ಹೊರಟ ತೆಳು ಕೊಳವೆ ಕಿವಿಯ ಹಿಂದೆ, ಕುತ್ತಿಗೆ, ಎದೆ, ಹೀಗೆ ಚರ್ಮದ ಅಡಿಯಲ್ಲೇ ಇಳಿದು ಹೊಟ್ಟೆಯೊಳಗೆ ತೆರೆಯುತ್ತದೆ. ಅಲ್ಲಿನ ಪೊರೆ ನೀರನ್ನು ಹೀರಿಕೊಳ್ಳುತ್ತದೆ. ನಡುವೆ ಒಂದು ವಾಲ್ವ್ ಇರುತ್ತದೆ. ಒತ್ತಡ ಒಂದು ಮಟ್ಟ ದಾಟಿದರೆ ಮಾತ್ರ ತೆರೆಯುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಅಮೆರಿಕದ ಜಾನ್ ಹೋಲ್ಟರ್ ಎಂಬ ಕೆಲಸಗಾರರ ಮಗ ಈ ತೊಂದರೆಯೊಂದಿಗೆ ಹುಟ್ಟಿದ್ದ. ಅವನಿಗಾಗಿ ತಂದೆ ಕೈಯಾರೆ ಸಿಲಿಕೋನಿನ ವಾಲ್ವ್ ಮಾಡಿದರು. 1956ರಿಂದ ಅದು ಬಳಕೆಗೆ ಬಂತು. ಸುರಂಗ ಕಟ್ಟಿದ ಕೆಲವರಿಗೆ ಕೊಳವೆಯೇ ಬೇಡ. ದುರ್ಬೀನು ಇಳಿಸಿ ಮೂರನೇ ಕೋಣೆಯ ನೆಲದಲ್ಲಿ ಸಣ್ಣ ತೂತು ಮಾಡಿ ನೀರನ್ನು ಹೊರಗಿನ ಸಂದಿಗೆ ಬಿಡುತ್ತಾರೆ. ಶಂಟ್ ಹಾಕಿಸಿಕೊಂಡವರು ಜ್ವರ, ಹೊಸ ತಲೆನೋವು, ವಾಂತಿ, ಮಂಪರು ಕಂಡರೆ ಕೂಡಲೇ ಹೋಗಬೇಕು. ಕೊಳವೆಗೆ ಸೋಂಕು ತಗಲಬಹುದು, ಕಟ್ಟಿಕೊಳ್ಳಬಹುದು.

ದೊಡ್ಡಪ್ಪನಿಗೆ ಶಂಟ್ ಹಾಕಿ ಆರು ತಿಂಗಳಾಯಿತು. ಮೊನ್ನೆ ಮತ್ತೆ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟ್‌ನ ಕೊನೆಯಲ್ಲಿ ಪುನಃ ‘ವೆಂಟ್ರಿಕಲ್ಸ್ ಡೈಲೇಟೆಡ್’. ಈ ಕಾಯಿಲೆಯಲ್ಲಿ ನಡಿಗೆ ಸುಧಾರಿಸಿದರೂ ಕೋಣೆಗಳು ಅಷ್ಟಾಗಿ ಕುಗ್ಗದೇ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ದೊಡ್ಡಮ್ಮನಿಗೆ ಫೋನು ಮಾಡಿ ಅದನ್ನು ಓದಿ ಹೇಳಿದೆ. “ಆಯ್ತು ಮಾರಾಯ, ಅವರು ಬಂದ ಮೇಲೆ ಹೇಳ್ತೇನೆ. ಹಾಲು ತರ್ಲಿಕ್ಕೆ ಹೋಗಿದ್ದಾರೆ” ಎಂದರು.